ಕ್ರಾನ್ಮರನ ಬಲಗೈ

ಹುತಾತ್ಮರ ಚರಿತ್ರೆಗಳಿಗೆ ಸಿದ್ಧವಾದ ಒಂದು ಅಚ್ಚು ಇದೆ. ಬಾಲ್ಯದಲ್ಲಿಯೇ ದೃಢಚಿತ್ತ, ಯೌವನದಲ್ಲಿ ನಿರ್ಭಯ, ಕೊನೆಯಲ್ಲಿ ಮಂದಹಾಸದಿಂದ ಮೃತ್ಯುವಿನ ಸ್ವಾಗತ. ಈ ಕ್ರಮ ತಪ್ಪುವುದು ಅಪರೂಪ. ಇಂತಹ ಚರಿತ್ರೆಯನ್ನು ಓದಿದವನಿಗೆ ಗೌರವ ಮೂಡುವುದು ನಿಜ. ಆದರೆ ಆ ಮಹನೀಯನು ನಮ್ಮ ಕುಲಕ್ಕೆ ಸೇರಿದವನು ಎಂಬ ಸಲಿಗೆ ಮೂಡುವುದು ಕಷ್ಟ. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾಗಿದ್ದ ಥಾಮಸ್ ಕ್ರಾನ್ಮರನ ಜೀವನ ಈ ಅಚ್ಚಿಗೆ ಒಗ್ಗುವುದಿಲ್ಲ. ಆತನು ಸ್ವಭಾವತಃ ಅಂಜುಕುಳಿ. ಅರಸನ ಹುಬ್ಬು ಗಂಟಿಕ್ಕಿದರೆ ತನ್ನ ಮಾತನ್ನು ಅರ್ಧಕ್ಕೇ ನುಂಗುತ್ತಿದ್ದವನು. ಸೆರೆಮನೆಯಲ್ಲಿ ಕುಳಿತು ತನ್ನ ಜೀವಮಾನದ ನಂಬಿಕೆಯನ್ನು ಒಂದು ಸಲವಲ್ಲ, ಆರು ಸಲ ಕಾಗದದ ಮೇಲೆ ಅಲ್ಲಗಳೆದವನು. ಆತನ ಅಭಿಮಾನಿಗಳು ಕೂಡ ಈ ಕಥೆಯನ್ನು ಹೇಳುವಾಗ ನಡುನಡುವೆ ತಡವರಿಸಬೇಕಾಗುತ್ತದೆ. ಆದರೂ 1556ನೆಯ ಇಸವಿಯ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ನಡೆದುದನ್ನು ಇಂಗ್ಲೆಂಡು ಮರೆತಿಲ್ಲ.

ಕ್ರಾನ್ಮರನು ಹುಟ್ಟಿದುದು 1489ರ ಜುಲೈ 2ರಂದು, ನಾಟಿಂಗ್‌ಹ್ಯಾಮ್ ಸೀಮೆಯ ಆಸ್ಲಾಕ್ಟನ್ ಎಂಬ ಹಳ್ಳಿಯಲ್ಲಿ. ಮನೆತನ ಮರ್ಯಾದಸ್ಥರದು, ಆಸ್ತಿ ಅಲ್ಪ. ತಂದೆ ಮಗನಿಗೆ ಕುದುರೆಯ ಸವಾರಿಯನ್ನೂ ಬೇಟೆಯನ್ನೂ ಕಲಿಸಿದನು. ಮುಂದೆ ಧರ್ಮಾಧ್ಯಕ್ಷನಾದ ಮೇಲೂ, ಇತರರು ಹತ್ತಲು ಹೆದರುವ ಕುದುರೆಯನ್ನು ಈತನು ನಿರಾಯಾಸವಾಗಿ ಏರುತ್ತಿದ್ದನೆಂದು ಆತನ ಕಾರ್ಯದರ್ಶಿ ರಾಲ್ಫ್ ಮೊರಿಸ್ ಬರೆದಿಟ್ಟಿದ್ದಾನೆ. ಅದೇ ಮೊರಿಸನು ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ: ಬಾಲಕನಿಗೆ ಪಾಠ ಹೇಳಿದ ಉಪಾಧ್ಯಾಯನೊಬ್ಬನು ಅತ್ಯಂತ ಕ್ರೂರಿಯಾಗಿದ್ದನಂತೆ, ಆತನ ಬೆತ್ತದ ಭಯದಿಂದ ತನ್ನ ನೆನಪಿನ ಶಕ್ತಿಯೂ ಎದೆಗಾರಿಕೆಯೂ ಕುಗ್ಗಿಹೋದುವೆಂದು ಕ್ರಾನ್ಮರನೇ ದೊಡ್ಡವನಾದ ಮೇಲೆ ಹೇಳಿಕೊಳ್ಳುತ್ತಿದ್ದನಂತೆ. ಉಪಾಧ್ಯಾಯರಾದ ನಮ್ಮ ವಾಚಕರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಬಹುದು. ಕುದುರೆಗೆ ಹೆದರದವನು ಮನುಷ್ಯರಿಗೆ ಹೆದರುವುದನ್ನು ಬಹುಶಃ ಅಲ್ಲಿಯೇ ಕಲಿತನು.

ಹದಿನಾಲ್ಕರ ಪ್ರಾಯದಲ್ಲಿ ಕೇಂಬ್ರಿಜ್ಜಿನ ಜೀಸಸ್ ಕಾಲೇಜಿಗೆ ಸೇರಿದ ಆತನು ಪದವಿ ಪಡೆಯಲು ಎಂಟು ವರ್ಷ ಹಿಡಿಯಿತು. ನಿಧಾನಗತಿಯ ವಿದ್ಯಾರ್ಥಿ, ಲೇಖನಿಯಿಲ್ಲದೆ ಪುಸ್ತಕ ತೆರೆಯನು, ಇತ್ತಂಡಗಳ ವಾದವನ್ನೂ ಟಿಪ್ಪಣಿ ಮಾಡಿಕೊಳ್ಳದೆ ತೀರ್ಮಾನಕ್ಕೆ ಬಾರನು. ಕಾಲೇಜಿನ ಫೆಲೋ ಆದ ಮೇಲೆ ಜೋನ್ ಎಂಬ ಹುಡುಗಿಯನ್ನು ಮದುವೆಯಾದನು. ಮದುವೆಯಾದವರಿಗೆ ಆ ಸ್ಥಾನ ಸಲ್ಲದ ಕಾರಣ ವೃತ್ತಿಯನ್ನು ಕಳೆದುಕೊಂಡು, ಬೇರೊಂದು ಕಡೆ ಪಾಠ ಹೇಳಿ ಹೊಟ್ಟೆ ಹೊರೆದನು. ಜೋನಳು ಡಾಲ್ಫಿನ್ ಎಂಬ ವಸತಿಗೃಹದ ಒಡತಿಯ ಬಂಧುವಾಗಿದ್ದಳು. ಈ ನೆವದಿಂದ ಮುಂದೆ ವಿರೋಧಿಗಳು ಆರ್ಚ್‌ಬಿಷಪ್ಪನನ್ನು ಲಾಯದ ಆಳು ಎಂದು ಹಂಗಿಸುವುದಿತ್ತು. ಆದರೆ ಆ ಸಂಸಾರ ಬಹುಕಾಲ ನಡೆಯಲಿಲ್ಲ. ಹೆರಿಗೆಯಲ್ಲಿ ತಾಯಿಯೂ ಮಗುವೂ ತೀರಿಕೊಂಡರು. ಕಾಲೇಜು ಆತನನ್ನು ಮರಳಿ ಕರೆದುಕೊಂಡಿತು. ಆತನು ಪಾದ್ರಿಯ ದೀಕ್ಷೆ ಪಡೆದನು, 1526ರಲ್ಲಿ ದೇವಶಾಸ್ತ್ರದ ಡಾಕ್ಟರನಾದನು. ನಲವತ್ತು ವರ್ಷ ತುಂಬುವವರೆಗೆ ಇಷ್ಟೇ ಆತನ ಚರಿತ್ರೆ.

ಅನಂತರ ನಡೆದುದು ಆಕಸ್ಮಿಕ. 1529ರ ಬೇಸಗೆಯಲ್ಲಿ ಕೇಂಬ್ರಿಜ್ಜಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದುದರಿಂದ ಕ್ರಾನ್ಮರನು ವಾಲ್ತಮ್ ಎಂಬ ಊರಿನಲ್ಲಿ ಬಂಧುಗಳ ಮನೆಗೆ ಬಂದಿದ್ದನು. ಎಂಟನೆಯ ಹೆನ್ರಿ ರಾಜನ ಪರಿವಾರವೂ ಆಗ ಅಲ್ಲಿಗೆ ಬಂದಿದ್ದಿತು. ರಾಣಿ ಕ್ಯಾಥರೀನಳೊಡನೆ ತನ್ನ ವಿವಾಹ ಅಸಿಂಧುವೆಂದು ಪೋಪರಿಂದ ಹೇಳಿಸಲು ರಾಜನು ಹೆಣಗುತ್ತಿದ್ದ ಕಾಲವದು. ಊಟದ ಹೊತ್ತಿನಲ್ಲಿ ರಾಜನ ಇಬ್ಬರು ಸಲಹೆಗಾರರು ಈ ಪ್ರಸ್ತಾಪವೆತ್ತಲು, ರೋಮಿನ ನ್ಯಾಯಸ್ಥಾನಗಳಲ್ಲಿ ಅಲೆಯುವುದಕ್ಕಿಂತ ಯೂರೋಪಿನ ವಿಶ್ವವಿದ್ಯಾಲಯಗಳ ಪಂಡಿತರ ಅಭಿಪ್ರಾಯ ಕೇಳಬಹುದಲ್ಲ ಎಂದು ಕ್ರಾನ್ಮರನು ಸೂಚಿಸಿದನು. ಆ ಒಂದು ಮಾತು ರಾಜನ ಕಿವಿಗೆ ಬಿದ್ದಿತು. ಪುಸ್ತಕಗಳ ನಡುವೆ ಬಾಳಿದ ಪ್ರಾಧ್ಯಾಪಕನು ರಾಯಭಾರಿಯಾದನು. 1532ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿದ್ದಾಗ, ಲೂಥರನ ಪಕ್ಷದ ವಿದ್ವಾಂಸ ಓಸಿಯಾಂಡರನ ಪತ್ನಿಯ ಕಡೆಯ ಬಂಧು ಮಾರ್ಗರೆಟಳನ್ನು ಮದುವೆಯಾದನು. ಪಾದ್ರಿಗೆ ವಿವಾಹ ನಿಷಿದ್ಧವಾಗಿದ್ದ ಕಾಲದಲ್ಲಿ ಇದು ಧೈರ್ಯದ ಕೆಲಸವೇ. ಅದನ್ನು ಹದಿನೈದು ವರ್ಷ ಮುಚ್ಚಿಟ್ಟುಕೊಂಡುದು ಮಾತ್ರ ಧೈರ್ಯದ ಕೆಲಸವಲ್ಲ. ಅದೇ ವರ್ಷ ಹಿಂದಿನ ಆರ್ಚ್‌ಬಿಷಪ್ಪನು ತೀರಿಕೊಂಡನು. ಎಲ್ಲರಿಗೂ ಆಶ್ಚರ್ಯವಾಗುವಂತೆ ರಾಜನು ಕ್ರಾನ್ಮರನನ್ನು ಆ ಪೀಠಕ್ಕೆ ಕರೆಯಿಸಿದನು.

1533ರ ಮಾರ್ಚ್ 30ರಂದು ಪಟ್ಟವಾಯಿತು. ಎರಡು ತಿಂಗಳೊಳಗೆ ಕ್ಯಾಥರೀನಳ ವಿವಾಹ ರದ್ದಾಯಿತು. ಆನ್ ಬೊಲಿನಳ ವಿವಾಹ ಸಿಂಧುವಾಯಿತು. ಆಕೆಯ ತಲೆಯ ಮೇಲೆ ಕಿರೀಟವಿಟ್ಟವನೂ ಕ್ರಾನ್ಮರನೇ. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಆನಳ ಮೇಲೆ ವ್ಯಭಿಚಾರದ ಆರೋಪ ಬಂದಿತು. ಆಗ ಕ್ರಾನ್ಮರನು ರಾಜನಿಗೆ ಬರೆದ ಕಾಗದ ಉಳಿದಿದೆ. ಯಾವ ಸ್ತ್ರೀಯ ವಿಷಯದಲ್ಲಿಯೂ ತನಗೆ ಇಷ್ಟು ಸದಭಿಪ್ರಾಯವಿರಲಿಲ್ಲ ಎಂದು ಮೊದಲು ಬರೆಯುತ್ತಾನೆ. ಆಕೆಯಲ್ಲಿ ದೋಷವಿಲ್ಲದಿದ್ದರೆ ಪ್ರಭುಗಳು ಇಷ್ಟು ದೂರ ಹೋಗುತ್ತಿರಲಿಲ್ಲ ಎಂದು ಅದರ ಬೆನ್ನಿಗೇ ಬರೆಯುತ್ತಾನೆ. ಒಂದೇ ಉಸಿರಿನಲ್ಲಿ ನಿಷ್ಠೆಯೂ ಅಂಜಿಕೆಯೂ! ಆನಳ ಪರವಾಗಿ ಇಷ್ಟಾದರೂ ಬರೆಯುವ ಎದೆ ಆ ಆಸ್ಥಾನದಲ್ಲಿ ಬೇರಾರಿಗೂ ಇರಲಿಲ್ಲವೆಂಬುದನ್ನು ನಾವು ಒಪ್ಪಬೇಕು. ಆದರೆ ಆಕೆಯ ವಿವಾಹವೂ ಅಸಿಂಧುವೆಂದು ಸಾರಿದವನು ಅದೇ ಕ್ರಾನ್ಮರನು. 1536ರ ಮೇ 19ರಂದು ಆಕೆಯ ಶಿರಚ್ಛೇದವಾಯಿತು. ಆ ಮುಂಜಾನೆ ಲ್ಯಾಂಬೆತ್ ಅರಮನೆಯ ತೋಟದಲ್ಲಿ ಆತನನ್ನು ಕಂಡ ಅಲೆಸ್ ಎಂಬ ಸ್ಕಾಟಿಷ್ ಪಂಡಿತನು ಆತನ ಕಣ್ಣೀರನ್ನು ನೆನೆದು ಬರೆದಿದ್ದಾನೆ. 1540ರಲ್ಲಿ ಮಿತ್ರನಾದ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನು ಸೆರೆಯಾದಾಗಲೂ ಕ್ರಾನ್ಮರನಿಂದ ಇಂತಹುದೇ ಕಾಗದ, ಇಂತಹುದೇ ಮಣಿತ.

ಕಣ್ಣೀರು ಆತನನ್ನು ಎಲ್ಲದರಿಂದಲೂ ಮುಕ್ತಗೊಳಿಸಲಾರದು. 1533ರಲ್ಲಿ ಜಾನ್ ಫ್ರಿತ್ ಎಂಬ ತರುಣ ವಿದ್ವಾಂಸನು ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ಭೌತಿಕವಾಗಿ ಇದೆಯೆಂಬುದನ್ನು ಒಪ್ಪದೆ ಸುಡಲ್ಪಟ್ಟನು. ಆತನನ್ನು ವಿಚಾರಿಸಿದವರಲ್ಲಿ ಕ್ರಾನ್ಮರನೂ ಒಬ್ಬನು. 1538ರಲ್ಲಿ ಜಾನ್ ಲ್ಯಾಂಬರ್ಟನು ಅದೇ ಕಾರಣಕ್ಕಾಗಿ ಬೆಂಕಿಗೆ ಬಿದ್ದನು. ರಾಜನ ಸಮ್ಮುಖದಲ್ಲಿ ಆತನ ವಿರುದ್ಧ ವಾದಿಸಿದವರ ಸಾಲಿನಲ್ಲಿಯೂ ಕ್ರಾನ್ಮರನ ಹೆಸರಿದೆ. ಹತ್ತು ವರ್ಷಗಳ ಅನಂತರ ಕ್ರಾನ್ಮರನು ಸ್ವತಃ ಬಂದು ನಿಂತುದು ಹೆಚ್ಚು ಕಡಮೆ ಅವರಿಬ್ಬರ ಅಭಿಪ್ರಾಯದಲ್ಲಿಯೇ. ತಾನು ಸುಡಿಸಿದ ಮತವನ್ನು ತಾನೇ ಕೈಗೊಂಡವನ ಮನಸ್ಸಿನಲ್ಲಿ ಏನು ನಡೆದಿದ್ದೀತು? ಅದನ್ನು ಆತನ ಬರೆಹಗಳು ಹೇಳುವುದಿಲ್ಲ.

ಇದೇ ಮನುಷ್ಯನ ಇನ್ನೊಂದು ಮುಖವನ್ನೂ ನೋಡಬೇಕು. 1543ರಲ್ಲಿ ಕ್ಯಾಂಟರ್ಬರಿಯ ಪಾದ್ರಿಗಳು ಕೆಲವರು ಕೂಡಿ ತಮ್ಮ ಧರ್ಮಾಧ್ಯಕ್ಷನೇ ಪಾಷಂಡಿಯೆಂದು ದೂರು ಸಿದ್ಧಪಡಿಸಿದರು. ರಾಜನು ಥೇಮ್ಸ್ ನದಿಯಲ್ಲಿ ತನ್ನ ದೋಣಿಗೆ ಕ್ರಾನ್ಮರನನ್ನು ಹತ್ತಿಸಿಕೊಂಡು, ಕೆಂಟ್ ಸೀಮೆಯ ಅತಿ ದೊಡ್ಡ ಪಾಷಂಡಿ ಯಾರೆಂಬುದು ತನಗೆ ಈಗ ಗೊತ್ತಾಯಿತೆಂದು ನಗುತ್ತಾ ದೂರಿನ ಕಾಗದಗಳನ್ನು ತೋರಿಸಿದನಂತೆ. ವಿಚಾರಣೆಯನ್ನು ಕ್ರಾನ್ಮರನಿಗೇ ಒಪ್ಪಿಸಿದನಂತೆ. ವಿಚಾರಣೆಯಲ್ಲಿ ಸಿಕ್ಕಿಬಿದ್ದವರಲ್ಲಿ ಇಬ್ಬರು ಆತನ ಮನೆಯ ಅನ್ನ ಉಂಡವರು, ಆತನು ಅತ್ಯಂತ ನಂಬಿದವರು. ಅವರಿಬ್ಬರನ್ನೂ ಒಳಗೆ ಕರೆದು, ನಂಬಿದವರಿಂದ ಇಂತಹ ದ್ರೋಹವಾದರೆ ಏನು ಮಾಡಬೇಕೆಂದು ಅವರನ್ನೇ ಕೇಳಿದನು. ಅಂತಹವನಿಗೆ ಘೋರಶಿಕ್ಷೆಯೇ ತಕ್ಕುದೆಂದು ಅವರು ಆವೇಶದಿಂದ ಹೇಳಿದ ಮೇಲೆ, ಅವರ ಕೈಬರೆಹದ ಕಾಗದಗಳನ್ನೇ ಅವರ ಮುಂದೆ ಹಿಡಿದನು. ಮೊಣಕಾಲೂರಿ ಬಿದ್ದವರನ್ನು ಎತ್ತಿ, ದೇವರು ನಿಮ್ಮನ್ನು ಕ್ಷಮಿಸಲೆಂದು ಹರಸಿ ಕಳುಹಿಸಿದನು. ಈ ಕಥೆಯೂ ಮೊರಿಸನದೇ. ಆರ್ಚ್‌ಬಿಷಪ್ಪನಿಗೆ ಒಂದು ಅಪಕಾರ ಮಾಡಿದರೆ ಜನ್ಮವಿಡೀ ಆತನ ಸ್ನೇಹ ದೊರೆಯುತ್ತದೆ ಎಂಬುದು ಆ ಕಾಲದಲ್ಲಿ ಗಾದೆಯಂತೆ ಬಳಕೆಯಲ್ಲಿದ್ದಿತು. ಷೇಕ್ಸ್‌ಪಿಯರನು ಫ್ಲೆಚರನೊಡನೆ ಸೇರಿ ಬರೆದ ಎಂಟನೆಯ ಹೆನ್ರಿಯ ನಾಟಕದಲ್ಲಿಯೂ ಅದು ಸೇರಿಕೊಂಡಿದೆ. ಕ್ಷಮೆ ಆತನಿಗೆ ಅಂಜಿಕೆಯಿಂದ ಬಂದುದೆನ್ನಲಾಗದು. ಆಗ ಅಧಿಕಾರವೆಲ್ಲವೂ ಆತನ ಕೈಯಲ್ಲಿಯೇ ಇದ್ದಿತು.

1547ರ ಜನವರಿ 28ರಂದು ಹೆನ್ರಿ ತೀರಿಕೊಂಡನು. ಮಾತು ನಿಂತುಹೋಗಿದ್ದ ರಾಜನು ಕ್ರಿಸ್ತನಲ್ಲಿ ಭರವಸೆಯಿಟ್ಟಿರುವುದಕ್ಕೆ ಗುರುತಾಗಿ ಕ್ರಾನ್ಮರನ ಕೈಯನ್ನು ಬಿಗಿಯಾಗಿ ಒತ್ತಿದನೆಂದು ಪ್ರತೀತಿ. ಒಂಬತ್ತು ವರ್ಷದ ಆರನೆಯ ಎಡ್ವರ್ಡನು ಸಿಂಹಾಸನವೇರಿದನು. ಕ್ರಾನ್ಮರನ ಒಳಗಿದ್ದುದೆಲ್ಲ ಹೊರಗೆ ಬರಲು ಈಗ ದಾರಿಯಾಯಿತು. ಮಾರ್ಗರೆಟಳು ಬಹಿರಂಗವಾಗಿ ಪತ್ನಿಯ ಸ್ಥಾನ ಪಡೆದಳು. 1549ರ ಜೂನ್ 9ರಿಂದ ಇಂಗ್ಲೆಂಡಿನ ಎಲ್ಲ ದೇವಾಲಯಗಳಲ್ಲಿ ಲ್ಯಾಟಿನ್ನಿಗೆ ಬದಲಾಗಿ ದೇಶಭಾಷೆಯ ಸಾಮಾನ್ಯ ಪ್ರಾರ್ಥನಾಗ್ರಂಥ ಬಳಕೆಗೆ ಬಂದಿತು. 1552ರಲ್ಲಿ ಅದರ ಪರಿಷ್ಕೃತ ರೂಪ ಹೊರಬಿದ್ದಿತು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ತುಸು ನಿಲ್ಲಬೇಕು. ಹಳೆಯ ಲ್ಯಾಟಿನ್ ಪ್ರಾರ್ಥನೆಗಳನ್ನು ಕ್ರಾನ್ಮರನು ಶಬ್ದಶಃ ಮಗುಚಲಿಲ್ಲ. ಮೊದಲು ದೇವರ ಸಂಬೋಧನೆ, ಅದರ ಹಿಂದೆ ಆತನ ಗುಣವೊಂದರ ಸ್ಮರಣೆ, ಆಮೇಲೆ ಒಂದೇ ಒಂದು ಬೇಡಿಕೆ, ಕೊನೆಗೆ ಆ ಬೇಡಿಕೆಯ ಫಲ: ಇಷ್ಟನ್ನೂ ಒಂದು ವಾಕ್ಯದಲ್ಲಿ, ಒಂದು ಉಸಿರಿಗೆ ಹೊಂದುವಂತೆ ಕಟ್ಟಿದನು. ಒಂದೇ ಭಾವಕ್ಕೆ ಎರಡು ಪದಗಳನ್ನು ಜೋಡಿಸುವುದು ಆತನ ಮೆಚ್ಚಿನ ರೀತಿ. ಅನೇಕ ವೇಳೆ ಒಂದು ಪದ ಲ್ಯಾಟಿನ್ ಮೂಲದ್ದು, ಇನ್ನೊಂದು ಹಳ್ಳಿಯವನ ನಾಲಗೆಯದು. ಹೀಗಾಗಿ ಪಂಡಿತನಿಗೂ ನೇಗಿಲು ಹಿಡಿದವನಿಗೂ ಒಂದೇ ಪ್ರಾರ್ಥನೆ ಸಾಕಾಯಿತು. 1552ರ ಗ್ರಂಥದಲ್ಲಿ ದಿನದ ಆರಾಧನೆ ಪಾಪನಿವೇದನೆಯಿಂದಲೇ ತೊಡಗುತ್ತದೆ. ಅಲ್ಲಿ ಜನರು ತಮ್ಮನ್ನು ದಾರಿ ತಪ್ಪಿದ ಕುರಿಗಳೆಂದು ಕರೆದುಕೊಳ್ಳುತ್ತಾರೆ, ಮಾಡಬೇಕಾದುದನ್ನು ಮಾಡದೆ ಬಿಟ್ಟುದನ್ನು ಮೊದಲು ಒಪ್ಪಿಕೊಳ್ಳುತ್ತಾರೆ. ಪ್ರಭುಭೋಜನಕ್ಕೆ ಮುಂಚಿನ ಇನ್ನೊಂದು ಪ್ರಾರ್ಥನೆ, ಮೇಜಿನಿಂದ ಬಿದ್ದ ತುಣುಕುಗಳನ್ನು ಆಯಲೂ ಯೋಗ್ಯತೆಯಿಲ್ಲದವರ ಪ್ರಾರ್ಥನೆ. ಈ ಮಾತುಗಳನ್ನು ಹೊಂದಿಸಿದವನು ಜನ್ಮವಿಡೀ ರಾಜನ ಮುಖ ನೋಡಿ ನಡೆದವನು ಎಂಬುದನ್ನು ನೆನೆದರೆ, ಇವು ಬರಿಯ ವಿಧಿಯ ಮಾತುಗಳಾಗಿ ಕೇಳಿಸವು. ಹೃದಯಶುದ್ಧಿಗಾಗಿ ಆತನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದ ಕಿರುಪ್ರಾರ್ಥನೆ, 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಆರಾಧನಾಕ್ರಮದಲ್ಲಿಯೂ ಸ್ಥಾನ ಪಡೆದಿದೆ.

ಆದರೆ ಈ ಗ್ರಂಥವನ್ನು ಜನರೆಲ್ಲರೂ ಹೂವಿನ ಹಾರ ಹಾಕಿ ಬರಮಾಡಿಕೊಂಡರೆಂದು ತಿಳಿಯಬಾರದು. ಡೆವನ್, ಕಾರ್ನ್‌ವಾಲ್ ಸೀಮೆಗಳ ರೈತರು ತಮ್ಮ ಹಳೆಯ ಪೂಜೆ ತಮಗೇ ಬೇಕೆಂದು ದಂಗೆಯೆದ್ದರು. ಸಾವಿರಾರು ಮಂದಿ ಹತರಾದರು. ಅವರಿಗೆ ಕ್ರಾನ್ಮರನು ಬರೆದ ಉತ್ತರದಲ್ಲಿ ಕರುಣೆಗಿಂತ ಗದರಿಕೆಯೇ ಹೆಚ್ಚು. ವೈಯಕ್ತಿಕ ಅಪಕಾರವನ್ನು ಕ್ಷಣದಲ್ಲಿ ಮರೆಯುತ್ತಿದ್ದವನಿಗೆ, ಅರಸನಿಗೆ ಎದುರು ನಿಂತ ಪ್ರಜೆಯನ್ನು ಕ್ಷಮಿಸುವುದು ಸಾಧ್ಯವಾಗಲಿಲ್ಲ. ದೇವರ ಕೆಳಗೆ ದೇಶದ ಧರ್ಮಸಭೆಗೆ ಅರಸನೇ ಶಿರಸ್ಸು ಎಂಬುದು ಆತನ ಪಾಲಿಗೆ ರಾಜಕೀಯದ ಉಪಾಯವಾಗಿರಲಿಲ್ಲ, ವೇದವಾಕ್ಯವಾಗಿದ್ದಿತು. ಈ ಸಿದ್ಧಾಂತ ಆತನನ್ನು ಎಲ್ಲಿ ಸಿಕ್ಕಿಸೀತೆಂಬುದು ಆಗ ಹೊಳೆದಿರಲಿಲ್ಲ.

1553ರ ಜುಲೈ 6ರಂದು ಬಾಲರಾಜನು ಕ್ಷೀಣಿಸಿ ಮೃತನಾದನು. ಜೇನ್ ಗ್ರೇಯನ್ನು ರಾಣಿಯಾಗಿ ಮಾಡುವ ಪತ್ರಕ್ಕೆ ಕ್ರಾನ್ಮರನು ಮನಸ್ಸಿಲ್ಲದ ಮನಸ್ಸಿನಿಂದ ರುಜು ಹಾಕಿದ್ದನು. ಆ ಏರ್ಪಾಡು ಕೆಲವೇ ದಿನಗಳಲ್ಲಿ ಕುಸಿದು ಮೇರಿ ಪಟ್ಟಕ್ಕೆ ಬಂದಳು. ಆಕೆ ಕ್ಯಾಥರೀನಳ ಮಗಳು. ಕ್ರಾನ್ಮರನ ತೀರ್ಪಿನಿಂದಲೇ ಆಕೆಯ ಹುಟ್ಟಿಗೆ ಕಳಂಕ ಬಂದಿದ್ದಿತು. ಆಕೆಯ ದ್ವೇಷವನ್ನು ಹೃದಯವುಳ್ಳವರಾರೂ ಅರ್ಥಮಾಡಿಕೊಳ್ಳಬಲ್ಲರು. ಸುಧಾರಣಾಪಕ್ಷದ ಅನೇಕರು ಕಡಲು ದಾಟಿ ತಲೆ ಉಳಿಸಿಕೊಂಡರು. ಪೀಟರ್ ಮಾರ್ಟಿರ್ ಮೊದಲಾದ ಪರದೇಶದ ವಿದ್ವಾಂಸರಿಗೆ ಹೊರಟುಹೋಗಲು ಸಲಹೆಯಿತ್ತ ಕ್ರಾನ್ಮರನು ತಾನು ಮಾತ್ರ ಹೊರಡಲಿಲ್ಲ. ಅಷ್ಟರಲ್ಲಿ ಆತನ ಹೆಸರಿನಲ್ಲಿ ಕ್ಯಾಂಟರ್ಬರಿಯಲ್ಲಿ ಹಳೆಯ ರೀತಿಯ ಪೂಜೆ ನಡೆದಿದೆಯೆಂದು ಸುದ್ದಿ ಹಬ್ಬಿತು. ಅದನ್ನು ನಡೆಸಿದವನು ಡೋವರಿನ ಥಾರ್ನ್‌ಡನ್ ಎಂದು ಚರಿತ್ರಕಾರರು ಗುರುತಿಸುತ್ತಾರೆ. ಹತ್ತು ವರ್ಷ ಹಿಂದೆ ಮೊಣಕಾಲೂರಿ ಕ್ಷಮೆ ಪಡೆದ ಇಬ್ಬರಲ್ಲಿ ಆತನೂ ಒಬ್ಬನು. ಕ್ರಾನ್ಮರನು ಸುದ್ದಿಯನ್ನು ಖಂಡಿಸಿ ಬಿರುಸಾದ ಪ್ರಕಟಣೆಯೊಂದನ್ನು ಬರೆದನು. ಅದರ ಪ್ರತಿಗಳು ಲಂಡನ್ನಿನ ಬೀದಿಗಳಲ್ಲಿ ಓಡಾಡಿದುವು. ಸೆಪ್ಟೆಂಬರಿನಲ್ಲಿ ಆತನು ಲಂಡನ್ ಗೋಪುರದಲ್ಲಿ ಬಂದಿಯಾದನು. ಅಂಜುಕುಳಿಯೆಂದು ನಾವು ಕರೆದವನು ಬಾಗಿಲು ತೆರೆದಿರುವಾಗ ಓಡದೆ ನಿಂತುದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು.

ರಾಜದ್ರೋಹದ ತೀರ್ಪು ನವೆಂಬರಿನಲ್ಲಿಯೇ ಆಯಿತು. ಆದರೆ ಮೇರಿಗೆ ಬೇಕಾಗಿದ್ದುದು ಬೇರೆ ತೀರ್ಪು. 1554ರ ಮಾರ್ಚಿನಲ್ಲಿ ಕ್ರಾನ್ಮರನನ್ನೂ ಬಿಷಪ್ ರಿಡ್ಲಿ, ಬಿಷಪ್ ಲ್ಯಾಟಿಮರರನ್ನೂ ಆಕ್ಸ್‌ಫರ್ಡಿಗೆ ಒಯ್ದು, ಊರಿನ ಉತ್ತರದ ಹೆಬ್ಬಾಗಿಲ ಮೇಲಿದ್ದ ಬೊಕಾರ್ಡೋ ಎಂಬ ಸೆರೆಮನೆಯಲ್ಲಿ ಇಟ್ಟರು. 1555ರ ಸೆಪ್ಟೆಂಬರಿನಲ್ಲಿ ಪೋಪರ ಅಧಿಕಾರದಿಂದ ವಿಚಾರಣೆ ನಡೆಯಿತು. ಎಂಬತ್ತು ದಿನಗಳೊಳಗೆ ರೋಮಿಗೆ ಬಂದು ಉತ್ತರ ಹೇಳತಕ್ಕುದೆಂದು, ಬೀಗ ಹಾಕಿದ ಕೋಣೆಯಲ್ಲಿದ್ದವನಿಗೆ ಆಜ್ಞೆಯಾಯಿತು. ಅಕ್ಟೋಬರ್ 16ರಂದು ರಿಡ್ಲಿ, ಲ್ಯಾಟಿಮರರನ್ನು ಒಂದೇ ಕಂಬಕ್ಕೆ ಕಟ್ಟಿ ಸುಟ್ಟರು. ಲ್ಯಾಟಿಮರನು ಬೇಗ ಪ್ರಾಣ ಬಿಟ್ಟನು. ರಿಡ್ಲಿಯ ಬೆಂಕಿ ಸರಿಯಾಗಿ ಹತ್ತದೆ ಆತನು ಬಹಳ ಹೊತ್ತು ಬೆಂದನು. ಕ್ರಾನ್ಮರನು ಇದನ್ನು ಸೆರೆಮನೆಯ ಮಾಳಿಗೆಯಿಂದ ನೋಡುವಂತೆ ಮಾಡಲಾಯಿತು.

ಅನಂತರ ಒಂಟಿತನ. ಡಿಸೆಂಬರಿನಲ್ಲಿ ಆತನನ್ನು ಕ್ರೈಸ್ಟ್ ಚರ್ಚಿನ ಡೀನನ ಮನೆಗೆ ಸಾಗಿಸಿದರು. ಅಲ್ಲಿ ಒಳ್ಳೆಯ ಊಟ, ಬೆಚ್ಚನೆಯ ಕೋಣೆ, ವಿದ್ವತ್ಸಂಭಾಷಣೆ. ಹ್ವಾನ್ ದೆ ವಿಲ್ಯಗಾರ್ಸಿಯ ಎಂಬ ಸ್ಪೇನಿನ ಸಂನ್ಯಾಸಿ ದಿನದಿನವೂ ಬಂದು ವಾದಿಸುತ್ತಿದ್ದನು. ಬೆದರಿಕೆಗೆ ಬಗ್ಗದೆ ಎರಡು ವರ್ಷ ನಿಂತವನನ್ನು ಆದರ ಅಲುಗಿಸಿತು. ಜೊತೆಗೆ ಆತನ ಸಿದ್ಧಾಂತವೇ ಆತನ ಕೊರಳಿಗೆ ಉರುಳಾಯಿತು. ಧರ್ಮಸಭೆಯ ಶಿರಸ್ಸು ಅರಸನೆಂದು ಇಪ್ಪತ್ತು ವರ್ಷ ಬೋಧಿಸಿದವನು ಕ್ರಾನ್ಮರನು. ಈಗ ದೇವರು ಕೊಟ್ಟ ರಾಣಿಯೇ ಪೋಪರ ಅಧಿಕಾರವನ್ನು ಒಪ್ಪಿಕೊಳ್ಳೆಂದರೆ ವಿಧೇಯನಾದ ಪ್ರಜೆ ಏನು ಮಾಡಬೇಕು? ಈ ಪ್ರಶ್ನೆಗೆ ಆತನಲ್ಲಿ ಉತ್ತರವಿರಲಿಲ್ಲ. ಅರವತ್ತಾರು ವರ್ಷದ ಮುದುಕ, ಹೆಂಡಿರು ಮಕ್ಕಳಿಂದ ದೂರ, ಕಣ್ಣ ಮುಂದೆ ರಿಡ್ಲಿಯ ಬೆಂಕಿ. 1556ರ ಜನವರಿಯ ಕೊನೆಯಿಂದ ಪರಿತ್ಯಾಗಪತ್ರಗಳಿಗೆ ಆತನ ರುಜು ಬೀಳತೊಡಗಿತು. ಮೊದಲಿನವುಗಳಲ್ಲಿ ಶಬ್ದಗಳ ಸಂದಿಯಲ್ಲಿ ನುಸುಳಿಕೊಳ್ಳಲು ಜಾಗವಿದೆ. ಫೆಬ್ರವರಿ 14ರಂದು ಆತನ ಪದವಿಗಳನ್ನು ಕಿತ್ತುಕೊಳ್ಳುವ ವಿಧಿ ನಡೆಯಿತು. ಆರ್ಚ್‌ಬಿಷಪ್ಪನ ಉಡುಪಿನ ಅಣಕಕ್ಕಾಗಿ ಒರಟು ಬಟ್ಟೆಯ ಅಂಗಿಗಳನ್ನು ತೊಡಿಸಿ ಒಂದೊಂದಾಗಿ ಕಳಚಿದರು. ಕಳಚಿದ ಇಬ್ಬರು ಬಿಷಪ್ಪರಲ್ಲಿ ಥರ್ಲ್‌ಬಿ ಎಂಬುವನು ಹಳೆಯ ಸ್ನೇಹಿತ; ಆ ಕೆಲಸ ಮಾಡುತ್ತಾ ಅತ್ತನೆಂದು ಹೇಳುತ್ತಾರೆ. ಫೆಬ್ರವರಿ 24ರಂದು ದಹನದ ಆಜ್ಞೆ ಹೊರಟಿತು. ಅದರ ಬೆನ್ನಿಗೆ ಬಂದ ಐದನೆಯ ಪತ್ರದಲ್ಲಿ ಯಾವ ಸಂದಿಯೂ ಉಳಿಯಲಿಲ್ಲ. ಮಾರ್ಚ್ 18ರ ಆರನೆಯದರಲ್ಲಿ ತನ್ನನ್ನು ಸಭೆಯನ್ನು ಹಿಂಸಿಸಿದ ಸೌಲನೊಡನೆಯೂ ಶಿಲುಬೆಯ ಮೇಲಿದ್ದ ಕಳ್ಳನೊಡನೆಯೂ ಹೋಲಿಸಿಕೊಂಡು ನೆಲಕ್ಕೆ ಕುಸಿದಿದ್ದಾನೆ.

ಪೇತ್ರನ ಕಥೆ ಇಲ್ಲಿ ನೆನಪಾಗದೆ ಇರದು. ಸಾಯುವವರೆಗೂ ಜೊತೆಗಿರುವೆನೆಂದ ಶಿಷ್ಯನು ಮಹಾಯಾಜಕನ ಅಂಗಳದಲ್ಲಿ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ ತನ್ನ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದನು. ಬೆಚ್ಚಗಿನ ಕೋಣೆಯ ಕ್ರಾನ್ಮರನು ಆ ಅಧ್ಯಾಯವನ್ನು ಎಷ್ಟು ಸಲ ಓದಿದ್ದನೋ!

ಪಶ್ಚಾತ್ತಾಪಪಟ್ಟ ಪಾಷಂಡಿಗೆ ಮೊದಲ ಸಲ ಪ್ರಾಣದಾನ ಮಾಡುವುದು ಆ ಕಾಲದ ವಾಡಿಕೆ. ಮೇರಿ ಆ ವಾಡಿಕೆಯನ್ನು ಮನ್ನಿಸಲಿಲ್ಲ. ಆತನ ಪರಿತ್ಯಾಗವೂ ಬೇಕು, ಪ್ರಾಣವೂ ಬೇಕು ಎಂಬ ಈ ಹಟದಿಂದ ಆಕೆಯ ಪಕ್ಷಕ್ಕೆ ಆದ ಹಾನಿ ಅಷ್ಟಿಷ್ಟಲ್ಲ. ತಲೆತಗ್ಗಿಸಿದ ಮಾಜಿ ಆರ್ಚ್‌ಬಿಷಪ್ಪನೊಬ್ಬನು ಯಾವುದಾದರೂ ಮಠದ ಮೂಲೆಯಲ್ಲಿ ಹತ್ತು ವರ್ಷ ಬದುಕಿದ್ದರೆ ಇಂಗ್ಲೆಂಡಿನ ಸುಧಾರಣೆಯ ಚರಿತ್ರೆಯ ಬಣ್ಣವೇ ಬೇರೆಯಾಗುತ್ತಿದ್ದಿತು.

ಮಾರ್ಚ್ 21, ಶನಿವಾರ. ಮಳೆ ಹಿಡಿದಿದ್ದ ಕಾರಣ ಕಂಬದ ಬಳಿ ಆಗಬೇಕಾಗಿದ್ದ ಉಪದೇಶವನ್ನು ಸಂತ ಮೇರಿಯ ದೇವಾಲಯದೊಳಗೆ ಇರಿಸಿಕೊಂಡರು. ಎದುರಿಗೆ ಕಟ್ಟಿದ ಎತ್ತರದ ಜಗಲಿಯ ಮೇಲೆ ಹರಿದ ಹಳೆಯ ಅಂಗಿಯಲ್ಲಿ ಕ್ರಾನ್ಮರನನ್ನು ನಿಲ್ಲಿಸಿದರು. ಡಾಕ್ಟರ್ ಕೋಲ್ ಎಂಬುವನು, ಪಶ್ಚಾತ್ತಾಪಪಟ್ಟರೂ ಈತನು ಏಕೆ ಸಾಯಬೇಕೆಂಬುದನ್ನು ವಿವರಿಸಿ, ಸತ್ತ ಮೇಲೆ ಆತನ ಆತ್ಮಕ್ಕಾಗಿ ಊರಿನ ದೇವಾಲಯಗಳಲ್ಲಿ ಪೂಜೆಗಳಾಗುವುವೆಂದು ಭರವಸೆಯಿತ್ತನು. ಕ್ರಾನ್ಮರನು ಕೇಳುತ್ತಾ ಅಳುತ್ತಿದ್ದನು. ಆತನ ಸರದಿ ಬಂದಿತು. ಓದಬೇಕಾದ ಮಾತುಗಳು ಮೊದಲೇ ನಿಶ್ಚಯವಾಗಿ, ಅಧಿಕಾರಿಗಳ ಕೈಯಲ್ಲಿ ಪ್ರತಿಯೂ ಇದ್ದಿತು. ಪ್ರಾರ್ಥನೆ ಮಾಡಿದನು, ಲೋಕದ ಮೋಹ ಬಿಡಿರೆಂದನು, ಅರಸರಿಗೆ ವಿಧೇಯರಾಗಿರೆಂದನು, ಆಹಾರ ತುಟ್ಟಿಯಾಗಿರುವ ಈ ಕಾಲದಲ್ಲಿ ಧನವಂತರು ಬಡವರನ್ನು ಮರೆಯಬಾರದೆಂದನು. ಇಲ್ಲಿಯವರೆಗೆ ಎಲ್ಲವೂ ಪ್ರತಿಯಲ್ಲಿದ್ದಂತೆಯೇ. ಆಮೇಲೆ, ತನ್ನ ಅಂತರಾತ್ಮವನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊರೆಯುತ್ತಿರುವ ಸಂಗತಿಯೊಂದಿದೆ ಎಂದನು. ಅದು ತಾನು ಹಿಂದೆ ಬರೆದ ಗ್ರಂಥಗಳೆಂದು ಹೇಳುವನೆಂದು ಎಲ್ಲರೂ ಕಾದಿದ್ದರು. ಆದರೆ ಸಾವಿನ ಭಯದಿಂದ, ಹೃದಯಕ್ಕೆ ವಿರುದ್ಧವಾಗಿ ತನ್ನ ಕೈ ರುಜು ಮಾಡಿದ ಪತ್ರಗಳೇ ಆ ಸಂಗತಿಯೆಂದನು. ತಪ್ಪು ಮಾಡಿದುದು ಕೈಯಾದ್ದರಿಂದ ಬೆಂಕಿಯಲ್ಲಿ ಮೊದಲು ಬೇಯುವುದೂ ಅದೇ ಎಂದನು. ಪೋಪರನ್ನು ನಿರಾಕರಿಸಿದನು. ಮುಂದಿನದು ಗದ್ದಲದಲ್ಲಿ ಮುಳುಗಿತು. ಜನರು ಆತನನ್ನು ಜಗಲಿಯಿಂದ ಎಳೆದರು.

ಕಂಬದ ಕಡೆಗೆ ಆತನು ಎಷ್ಟು ವೇಗವಾಗಿ ನಡೆದನೆಂದರೆ ಜೊತೆಯಲ್ಲಿದ್ದ ಸಂನ್ಯಾಸಿಗಳು ಹೆಜ್ಜೆ ಹಾಕಲಾರದೆ ಏದುಸಿರು ಬಿಟ್ಟರು. ರಿಡ್ಲಿ, ಲ್ಯಾಟಿಮರರು ಬೆಂದ ಸ್ಥಳವೇ ಅದು. ಬೆಂಕಿ ಮೇಲೆದ್ದಾಗ ಬಲಗೈಯನ್ನು ಚಾಚಿ ಜ್ವಾಲೆಯಲ್ಲಿ ಹಿಡಿದನು. ಒಮ್ಮೆ ಮಾತ್ರ ಮುಖ ಒರಸಿಕೊಳ್ಳಲು ಅದನ್ನು ಹಿಂದೆಗೆದನೆಂದು ಫಾಕ್ಸನು ತನ್ನ ಹುತಾತ್ಮರ ಗ್ರಂಥದಲ್ಲಿ ಬರೆದಿದ್ದಾನೆ. ಈ ಸಣ್ಣ ವಿವರವೇ ನನಗೆ ಇಡೀ ವರ್ಣನೆಯನ್ನು ನಂಬುವಂತೆ ಮಾಡುತ್ತದೆ. ಕಟ್ಟುಕಥೆಯ ಹುತಾತ್ಮನು ಮುಖ ಒರಸಿಕೊಳ್ಳುವುದಿಲ್ಲ.

ಬದುಕುವ ಆಸೆ ಮುಗಿದ ಮೇಲೆ ಧೈರ್ಯ ಬಂದುದರಲ್ಲಿ ಏನು ಹೆಚ್ಚಳವೆಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಪ್ರಶ್ನೆ ನ್ಯಾಯವಾದುದೇ. ಬೆಂಕಿ ಹೇಗೂ ತಪ್ಪುವಂತಿರಲಿಲ್ಲ. ಆದರೆ ನಿಶ್ಚಯವಾದ ಮಾತುಗಳನ್ನು ಓದಿದ್ದರೆ ಅಧಿಕಾರಸ್ಥರ ಸಮಾಧಾನ, ಸಭೆಯ ಆಶೀರ್ವಾದ, ಆತ್ಮಕ್ಕಾಗಿ ಪೂಜೆ ಇಷ್ಟಾದರೂ ದೊರೆಯುತ್ತಿದ್ದುವು. ಆತನು ಅವನ್ನೂ ಬಿಟ್ಟುಕೊಟ್ಟನು. ಇನ್ನೊಂದು ಸಂಗತಿಯೂ ಉಂಟು. ತಾನು ವೀರನೆಂದು ಆ ದಿನ ಆತನು ಹೇಳಿಕೊಳ್ಳಲಿಲ್ಲ. ಪತ್ರಗಳು ಬಲಾತ್ಕಾರದಿಂದ ಬಂದುವೆಂದು ಜಾರಿಕೊಳ್ಳಬಹುದಾಗಿದ್ದಿತು, ಅದನ್ನೂ ಮಾಡಲಿಲ್ಲ. ಹೆದರಿದೆ, ಸುಳ್ಳು ಬರೆದೆ ಎಂದನು. ಅದೂ ಸಾವಿರ ಜನರೆದುರು.

ಆ ಗುಂಪಿನಲ್ಲಿ ಹಳೆಯ ಮತಕ್ಕೆ ಸೇರಿದ ಒಬ್ಬನಿದ್ದನು. ಹೆಸರಿನ ಎರಡು ಮೊದಲಕ್ಷರಗಳಷ್ಟೇ ಉಳಿದಿವೆ. ಎರಡು ದಿನಗಳ ಅನಂತರ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಆತನು ಕ್ರಾನ್ಮರನ ಅಭಿಪ್ರಾಯಗಳನ್ನು ತಿರಸ್ಕರಿಸುತ್ತಾನೆ, ಆತನ ಸಾವನ್ನು ಮಾತ್ರ ಮರುಕದಿಂದಲೂ ಬೆರಗಿನಿಂದಲೂ ವರ್ಣಿಸುತ್ತಾನೆ. ಸರಕಾರವು ಆರು ಪತ್ರಗಳನ್ನೂ, ಕ್ರಾನ್ಮರನು ಓದದೆ ಬಿಟ್ಟ ಭಾಷಣವನ್ನೂ ಓದಿದಂತೆಯೇ ಅಚ್ಚು ಹಾಕಿಸಿತು. ನಡೆದುದನ್ನು ಕಣ್ಣಾರೆ ಕಂಡವರಿದ್ದ ದೇಶದಲ್ಲಿ ಅದರಿಂದ ನಗೆಪಾಟಲಾದುದೇ ಹೆಚ್ಚು. ಮಾರ್ಚ್ 22ರಂದು, ಬೂದಿ ಆರುವ ಮೊದಲೇ, ರೆಜಿನಾಲ್ಡ್ ಪೋಲನಿಗೆ ಕ್ಯಾಂಟರ್ಬರಿಯ ಪಟ್ಟಾಭಿಷೇಕವಾಯಿತು. 1558ರ ನವೆಂಬರ್ 17ರಂದು ಮೇರಿಯೂ ಪೋಲನೂ ಒಂದೇ ದಿನ ತೀರಿಕೊಂಡರು. ಕ್ರಾನ್ಮರನು ಹಿಂದೆ ಧರ್ಮಪಿತನಾಗಿ ನಿಂತಿದ್ದ ಎಲಿಜಬೆತ್ ರಾಣಿಯಾದಳು. 1559ರಲ್ಲಿ ಪ್ರಾರ್ಥನಾಗ್ರಂಥ ಮರಳಿ ಬಂದಿತು. ಅಷ್ಟು ಹೊತ್ತಿಗೆ ಮಾರ್ಗರೆಟಳು ಎಡ್ವರ್ಡ್ ವಿಚರ್ಚ್ ಎಂಬುವನನ್ನು ಮದುವೆಯಾಗಿದ್ದಳು. ಆತನು ಲಂಡನ್ನಿನ ಮುದ್ರ​ಕ. 1549ರಲ್ಲಿ ಆ ಗ್ರಂಥವನ್ನು ಮೊದಲ ಬಾರಿಗೆ ಅಚ್ಚು ಮಾಡಿದವರಲ್ಲಿ ಒಬ್ಬನು.